ಕಾರಣ ಎಂಬ ಕಾಲಂ

ಮೂರನೇ ದಿನ ದೋಣಿಗೆ ಅಪ್ಪಣೆ ಸಿಕ್ಕಿತು.
ಸರೋವರದ ನಡುವಿನ ಬೆಟ್ಟ ಇನ್ನೂ ಕೆಮ್ಮುತ್ತಿತ್ತು,
ಮುದುಕನ ಹಾಗೆ, ತಡೆದು ತಡೆದು.
ನೀರಿನ ಮೇಲೆ ಕೆನೆಗಟ್ಟಿದ ಬೂದಿಯನ್ನು
ಹುಟ್ಟಿನಿಂದ ಸರಿಸುತ್ತ ಹೋದೆವು ನಾಲ್ವರು:
ಪಶುವೈದ್ಯೆ ಲಿವಾಯ್‌ವಾಯ್, ಅಂಬಿಗ ತಿಬುರ್ಸಿಯೊ,
ಹಗ್ಗ ಹಿಡಿಯುವ ಹುಡುಗ ಓನ್ಯೊಂಗ್,
ಮತ್ತೆ ನಾನು, ಶಾಲೆಯ ಗುಮಾಸ್ತೆ,
ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಗೆ
ಸಂಘದವರು ನಮೂನೆ ತುಂಬಲು ಕರೆದವಳು.

ಆಚೆ ದಡದಲ್ಲಿ ಕುದುರೆಗಳು ನಿಂತಿದ್ದವು.
ಓಡಿರಲಿಲ್ಲ.
ಓಡುವುದನ್ನು ಯಾರೂ ಕಲಿಸಿರಲಿಲ್ಲವಲ್ಲ;
ನಿಲ್ಲುವುದು, ಏರುವುದು, ಇಳಿಯುವುದು, ಮತ್ತೆ ನಿಲ್ಲುವುದು,
ಇಷ್ಟೇ ಅವಕ್ಕೆ ಗೊತ್ತಿದ್ದ ವಿದ್ಯೆ.
ಪ್ರವಾಸಿಗರನ್ನು ಹೊತ್ತು ಬೆಟ್ಟದ ಬಾಯಿಯ ತನಕ
ದಿನಕ್ಕೆ ಐದು ಸಲ; ಹಬ್ಬದ ವಾರ ಎಂಟು.
ಬೂದಿ ಬಿದ್ದು ಎಲ್ಲವೂ ಒಂದೇ ಬಣ್ಣ,
ಸಿಮೆಂಟಿನಲ್ಲಿ ಮಾಡಿ ಮರೆತುಬಿಟ್ಟಂತೆ.
ಕಂದು ಯಾವುದು, ಕಪ್ಪು ಯಾವುದು,
ಸತ್ತದ್ದು ಯಾವುದು, ಮುಟ್ಟಿಯೇ ತಿಳಿಯಬೇಕು.
ಒಂದು ಕಣ್ಣು ಮಿಟುಕಿಸಿತು.

ದೋಣಿಯಲ್ಲಿ ಕುದುರೆಗೆ ಜಾಗವಿಲ್ಲ.
ಗದ್ದಕ್ಕೆ ಹಗ್ಗ ಬಿಗಿದು, ಪಕ್ಕದಲ್ಲಿ ಈಜಿಸಿ,
ಮೂಗು ಮುಳುಗದ ಹಾಗೆ ಓನ್ಯೊಂಗ್ ಅಂಗೈ ಚಾಚಿ
ದಾರಿಯುದ್ದಕ್ಕೂ ಹಿಡಿದ.
ಆಮೇಲೆ ಎರಡು ದಿನ ಆ ಕೈಗೆ
ತುತ್ತು ಎತ್ತಲಾಗಲಿಲ್ಲ. ಅದನ್ನು ಅವನು ಹೇಳಲಿಲ್ಲ;
ಎಡಗೈಲಿ ಉಣ್ಣುವುದನ್ನು ನಾನು ಕಂಡೆ.

ಈಚೆ ದಡದ ಬಾಸ್ಕೆಟ್‌ಬಾಲ್ ಅಂಗಳದಲ್ಲಿ
ಪೈಪಿನ ನೀರು ಬಿಟ್ಟು ತೊಳೆದೆವು.
ಬೂದಿ ಇಳಿಯಿತು. ಕೆಳಗೆ ಹೆಣ್ಣುಕುದುರೆ, ಜೇನುಬಣ್ಣ.
ಜೀನು ಕೂರುವ ಕಡೆ ಅಂಗೈಯಗಲದ ಹುಣ್ಣು,
ಅದರಂಚಿಗೆ ಹಳೆಯ ಹುಣ್ಣು, ಅದರಂಚಿಗೆ
ಕೂದಲು ಬಾರದ ಇನ್ನೂ ಹಳೆಯ ಮಾಯ್ದ ಗುರುತು,
ಮರ ಕೊಯ್ದಾಗ ಕಾಣುವ ವರ್ಷದ ಬಳೆಗಳಂತೆ.
ಲಿವಾಯ್‌ವಾಯ್ ತಲೆಯೆತ್ತದೆ ಹೇಳಿದಳು:
"ಇದು ಬೆಟ್ಟದ ಕೆಲಸವಲ್ಲ."

ನನ್ನ ನಮೂನೆಯಲ್ಲೊಂದು ಕಾಲಂ: ಗಾಯದ ಕಾರಣ.
ನಾಯಿ, ಮೇಕೆ, ಹಂದಿಮರಿ, ಹನ್ನೊಂದು ಹಾಳೆಯಲ್ಲಿ
'ಜ್ವಾಲಾಮುಖಿ' ಎಂದು ಸರಾಗವಾಗಿ ಬರೆದಿದ್ದ ಪೆನ್ನು
ಅಲ್ಲಿ ನಿಂತಿತು.

ಅಷ್ಟರಲ್ಲಿ ಯಜಮಾನ ಬಂದ. ಹೆಸರು ಹೆರ್ಮೋಹೆನೆಸ್.
ಹುಬ್ಬು ಸುಟ್ಟಿತ್ತು. ಕಾವಲಿನವರ ಕಣ್ಣು ತಪ್ಪಿಸಿ
ಎರಡು ರಾತ್ರಿ ಒಬ್ಬನೇ ಹುಟ್ಟುಹಾಕಿಕೊಂಡು
ಅಕ್ಕಿತೌಡು ಹೊತ್ತು ಹೋಗಿದ್ದನಂತೆ ಇವಳಿಗಾಗಿ;
ಕಟ್ಟಿದ ಹಗ್ಗ ಬಿಚ್ಚಿ ಬಂದವನೂ ಅವನೇ.
"ಬಿಬಿಂಕಾ" ಎಂದ.
ಕೆಂಡದ ನಡುವೆ ಕೆಂಪಗೆ ಬೇಯುವ ಅಕ್ಕಿಕಡುಬಿನ ಹೆಸರು.
ಕುದುರೆ ಕಿವಿ ತಿರುಗಿಸಿತು.

ಬೈಯಲೆಂದು ನಾನು ಮಾತು ಜೋಡಿಸಿಕೊಂಡಿದ್ದೆ.
ಅವನು ಹುಣ್ಣು ನೋಡಿದ. ಈಗಷ್ಟೇ ಕಂಡವನಂತೆ ನಟಿಸಲಿಲ್ಲ.
"ಜೀನು ಬಾಡಿಗೆಯದು," ಎಂದ, "ಎಲ್ಲ ಬೆನ್ನಿಗೂ ಒಂದೇ ಅಳತೆ."
ಸ್ವಲ್ಪ ಹೊತ್ತಿನ ಮೇಲೆ, ಯಾರೂ ಕೇಳದಿದ್ದರೂ:
"ಭಾರದವರಿಗೆ ಬೇರೆ ದರ ಇರಲಿಲ್ಲ."
ಇನ್ನೂ ಸ್ವಲ್ಪ ಹೊತ್ತಿನ ಮೇಲೆ: "ನಾನು ಹೊಡೆದೂ ಇದ್ದೇನೆ."

ಲಿವಾಯ್‌ವಾಯ್ ಉತ್ತರ ಕೊಡಲಿಲ್ಲ, ಬಕೆಟ್ ಕೊಟ್ಟಳು.
ಉಪ್ಪುನೀರು. ದಿನಕ್ಕೆ ಐದು ಸಲ. ನೊಣ ಕೂರಬಾರದು.
"ಜೀನು?"
"ಈ ಬೆನ್ನಿಗೆ ಇನ್ನಿಲ್ಲ."
ಅವನು ತಲೆಯಾಡಿಸಿದ್ದು ಒಪ್ಪಿಗೆಯೋ,
ಮನೆಯ ಖರ್ಚಿನ ಲೆಕ್ಕವೋ,
ನನಗೆ ಇಂದಿಗೂ ಗೊತ್ತಿಲ್ಲ.

ಸಂಜೆ ಮಂದಿಯಲ್ಲಿ ಯಾವನೋ ಒಬ್ಬ
ಫೋಟೊ ತೆಗೆಯಲು ಎಡಗಡೆಯಿಂದ ಹತ್ತಿರ ಬಂದ.
ಬಿಬಿಂಕಾ ಸದ್ದಿಲ್ಲದೆ ಕಾಲು ಅಗಲಿಸಿ, ಬೆನ್ನು ತಗ್ಗಿಸಿ,
ಉಸಿರು ಬಿಗಿಹಿಡಿದು ನಿಂತಳು,
ಏರಲಿ ಎಂದು.
ಹೆರ್ಮೋಹೆನೆಸ್ ನಡುವೆ ಬಂದು ನಿಂತ.
ಬಕೆಟ್ ಕೈಯಲ್ಲೇ ಇತ್ತು.

ಹಾಳೆ ತುಂಬದೆ ಕಳುಹಿಸುವಂತಿಲ್ಲ.
ರಾತ್ರಿ ಜನರೇಟರಿನ ಬೆಳಕಿನಲ್ಲಿ, ದುಂಡಗಿನ ಅಕ್ಷರದಲ್ಲಿ,
ಗೆರೆ ಮೀರಿ ಬರೆದೆ:
ಜೀನು. ಬಾಡಿಗೆ. ಐದು ಸಲ, ಹಬ್ಬಕ್ಕೆ ಎಂಟು.
ಹೋದ ಬೇಸಿಗೆ ತಂಗಿಯ ಮಕ್ಕಳನ್ನು ಕರೆದುಕೊಂಡು
ಬೆಟ್ಟ ನೋಡಲು ಹೋಗಿದ್ದೆ. ಏರುದಾರಿ. ಬಿಸಿಲು.
ಎಷ್ಟು ಕೊಟ್ಟೆ ನೆನಪಿದೆ.
ಕುದುರೆಯ ಬಣ್ಣ ನೆನಪಿಲ್ಲ.